ಒಂಬತ್ತನೇ ಸ್ಲೈಡು

ಆ ಬಾವಿ ಈಗಲೂ ಇದೆ. ಪುಣೆಯ ಯೆರವಡಾದಲ್ಲಿ, ಚಿತ್ರಕ್ಕನ ಲ್ಯಾಬಿನ ಹಿಂದಿನ ಓಣಿಯಲ್ಲಿ, ಆಲದ ಮರದ ಕೆಳಗೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಹಗಲು ಅದರ ಮೇಲೆ ಯಾರೋ ಬಟ್ಟೆ ಒಣಗಿಸುತ್ತಾರೆ. ರಾತ್ರಿ... ರಾತ್ರಿ ಆಟೋದವರೂ ತಿರುವಿನಲ್ಲೇ ಇಳಿಸಿ ಹೋಗಿಬಿಡುತ್ತಾರೆ.

ಚಿತ್ರಕ್ಕ ನಮ್ಮ ದೊಡ್ಡಪ್ಪನ ಮಗಳು. ಸುಳ್ಳು ಹೇಳಿದರೆ ಅವಳ ಕಿವಿ ಕೆಂಪಾಗುತ್ತದೆ. ಇದನ್ನು ಹೇಳುವಷ್ಟು ಹೊತ್ತೂ ನಾನು ಅವಳ ಕಿವಿಯನ್ನೇ ನೋಡುತ್ತಾ ಕೂತಿದ್ದೆ. ಕೆಂಪಾಗಲಿಲ್ಲ.

ನಾಲ್ಕು ವರ್ಷದ ಹಿಂದೆ. ರಾತ್ರಿ ಹನ್ನೊಂದೂಕಾಲು. ಅವಳು ಆ ಓಣಿಯಲ್ಲಿ ಒಬ್ಬಳೇ ನಡೆದು ರೂಮಿಗೆ ಹೋಗುತ್ತಿದ್ದಳು. ಒಳಗೊಳಗೇ ನಗುತ್ತಿದ್ದಳಂತೆ. ಯಾಕೆ ಅಂತ ಮೊದಲು ಹೇಳಬೇಕು.

ಅವಳ ಕೆಲಸ ಇಲಿಯ ವೀರ್ಯಾಣು ಬೆಳೆಯುವ ರೀತಿಯ ಮೇಲೆ. ಲೆಕ್ಟಿನ್ ಅಂತ ಒಂದು ಪ್ರೋಟೀನು, ಶೇಂಗಾದಿಂದ ತೆಗೆಯುತ್ತಾರೆ. ಅದು ಒಂದು ಬಗೆಯ ಸಕ್ಕರೆ ಕಂಡಲ್ಲಿ ಮಾತ್ರ ಅಂಟುತ್ತದೆ. ಅದಕ್ಕೆ ಹಸಿರು ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬೆಳೆಯುತ್ತಿರುವ ವೀರ್ಯಾಣುವಿನ ತಲೆಯ ಮೇಲೆ ಮೊದಲು ಒಂದು ಚುಕ್ಕೆ, ಆಮೇಲೆ ಟೋಪಿ, ಕೊನೆಗೆ ಬಿದಿಗೆ ಚಂದ್ರನಂಥ ಒಂದು ಗೆರೆ.

ಚಿತ್ರಕ್ಕನ ಚಂದ್ರ ಯಾವಾಗಲೂ ಮಂಕು. ಇಂಪನಾಳದ್ದು ಝಗಝಗ.

ಇಂಪನಾ ಮೈಸೂರಿನವಳು, ಸೇರಿ ಒಂದೇ ವರ್ಷ. ಚಿತ್ರಕ್ಕನದ್ದು ಮೂರು. ಇಲಿಯ ಅಂಗವನ್ನು ಕೂದಲೆಳೆಯಷ್ಟು ತೆಳ್ಳಗೆ ಕತ್ತರಿಸಿ ಗಾಜಿಗೆ ಏರಿಸುವುದೆಲ್ಲ ಚಿತ್ರಕ್ಕ. ಹೊಗಳಿಕೆ ಮಾತ್ರ ಇಂಪನಾಗೆ.

"ನಿಂದು ಯಾಕೋ ಡಲ್ ಕಣೆ ಚಿತ್ರಾ. ಸರಿಯಾಗಿ ತೊಳೆದ್ಯಾ?"

"ತೊಳದೀನಿ ಬಿಡ."

"ಕೈಗುಣ ಇರ್ಬೇಕು ಕಣೆ," ಅಂತ ನಗು ಬೇರೆ.

ಗೈಡ್ ಅನಂತರಾಮು ಸರ್ ಹೇಳಿಬಿಟ್ಟಿದ್ದರು. ಇದು ಕೊನೇ ಸುತ್ತು, ಇಂಪನಾಳ ಸ್ಲೈಡು ಸರಿ ಬಂದರೆ ಸಂಶೋಧನೆಯ ಪೇಪರಿನಲ್ಲಿ ಮೊದಲ ಹೆಸರು ಅವಳದ್ದು. ಕೆಟ್ಟರೆ ಚಿತ್ರಾದು.

ಆ ರಾತ್ರಿ ಇಂಪನಾ ಹಿಂಜವಾಡಿಯ ಅಣ್ಣನ ಮನೆಗೆ ಹೋಗುವ ಕ್ಯಾಬ್ ಹಿಡಿಯಲು ಓಡಿದಳು. "ಪ್ಲೀಸ್ ಚಿತ್ರಾ, ನನ್ನ ಎಂಟು ಸ್ಲೈಡಿಗೂ ಲೆಕ್ಟಿನ್ ಹಾಕಿ ಕೋಲ್ಡ್ ರೂಮಲ್ಲಿ ಇಟ್ಬಿಡೆ. ಎಂಟನೇದಕ್ಕೆ ಮೊದಲೇ ಸಕ್ಕರೆ ಬೆರೆಸೋದು ಮರೀಬೇಡ."

ಆ ಎಂಟನೆಯದೇ ಸಾಕ್ಷಿ. ಲೆಕ್ಟಿನ್‌ಗೆ ಮೊದಲೇ ಸಕ್ಕರೆ ತಿನ್ನಿಸಿಬಿಟ್ಟರೆ ಅದು ಮತ್ತೆಲ್ಲೂ ಅಂಟುವುದಿಲ್ಲ. ಸ್ಲೈಡು ಕಪ್ಪಗೆ ಉಳಿಯಬೇಕು. ಅದೂ ಹೊಳೆದರೆ ಉಳಿದ ಏಳೂ ಸುಳ್ಳು.

ಚಿತ್ರಕ್ಕ ಸಕ್ಕರೆಯ ಬದಲು ಬರೀ ನೀರು ಬೆರೆಸಿದಳು.

ಅದಕ್ಕೇ ಆ ನಗು.

ಆಲದ ಮರದ ಹತ್ತಿರ ಬಂದಾಗ ಕೇಳಿಸಿತು... ಟಿಕ್.

ನಿಂತಳು.

ಟಿಕ್... ಟಿಕ್.

ಗಾಜಿಗೆ ಗಾಜು ತಾಗುವ ಸದ್ದು. ಸ್ಲೈಡನ್ನು ಸ್ಟ್ಯಾಂಡಿಗೆ ಇಳಿಸುವ ಸದ್ದು. ಮೂರು ವರ್ಷದಿಂದ ದಿನಾ ಕೇಳಿದ್ದಾಳೆ, ತಪ್ಪುವ ಮಾತೇ ಇಲ್ಲ. ಬರುತ್ತಿದ್ದದ್ದು ಬಾವಿಯೊಳಗಿನಿಂದ. ಎಣಿಸಿದಳು. ಎಂಟು. ಸ್ವಲ್ಪ ಹೊತ್ತು ಏನೂ ಇಲ್ಲ... ಆಮೇಲೆ ಇನ್ನೊಂದು.

ಬಾವಿಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ಹತ್ತಿಯ ಸೀರೆ. ಎರಡೂ ಕೈಗೆ ರಬ್ಬರಿನ ಗ್ಲೌಸು. ಬೆರಳ ತುದಿಯಿಂದ ನೀರು... ತೊಟ್, ತೊಟ್.

"ಸಕ್ರಿ ಹಾಕೀಯೇನವಾ?"

ಪಿಸುದನಿ. ನಮ್ಮ ಕಡೆಯ ಮಾತು. ಪುಣೆಯ ಆ ಓಣಿಯಲ್ಲಿ!

"ಹಾ... ಹಾಕೀನ್ರಿ."

"ನಾನೂ ಹಂಗ ಅಂದಿದ್ದೆ."

ಎಲೆ ಕೂಡ ಅಲುಗಲಿಲ್ಲವಂತೆ.

"ಹೊಳ್ಳಿ ಹೋಗು. ಹಾಕಿ ಬಾ. ಇನ್ನೂ ಹೊತ್ತದ."

ಚಿತ್ರಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಬಾಯಿಗೆ ಬಂದದ್ದು ಬೇರೆ. "ಮೂರು ವರ್ಷ ದುಡದೀನ್ರಿ ನಾ..."

"ನಾ ಐದು."

ಚಟ್! ಗ್ಲೌಸು ಎಳೆದು ತೆಗೆದ ಸದ್ದು. ಕಟ್ಟೆ ಖಾಲಿ. ಬೀಗ ಹಾಕಿದ್ದು ಹಾಕಿದಂತೆಯೇ.

"ವಾಪಸ್ ಲ್ಯಾಬಿಗೆ ಓಡಿದಿ?" ಅಂತ ಕೇಳಿದೆ.

"ಇಲ್ಲ," ಅಂದಳು ಚಿತ್ರಕ್ಕ. "ರೂಮಿಗೆ ಓಡಿದೆ. ಹೊಟ್ಟೆಕಿಚ್ಚು ಹೆದರಿಕಿಗಿಂತ ದೊಡ್ಡದಿತ್ತು."

ಬೆಳಿಗ್ಗೆ ಎಲ್ಲರೂ ಕತ್ತಲೆ ಕೋಣೆಯಲ್ಲಿ. ಸರ್, ಇಂಪನಾ, ಹಿಂದೆ ಚಿತ್ರಕ್ಕ. ಏಳು ಸ್ಲೈಡುಗಳಲ್ಲಿ ಏಳು ಬಗೆಯ ಚಂದ್ರರು. ಎಂಟನೆಯದನ್ನು ಇಟ್ಟರು... ಕಪ್ಪು. ಅಮಾವಾಸ್ಯೆ.

"ಭೇಷ್!" ಅಂದರು ಸರ್.

ಬರೀ ನೀರಿಗೆ ಅದು ಕಪ್ಪಾಗಲು ಸಾಧ್ಯವೇ ಇಲ್ಲ. ಚಿತ್ರಕ್ಕ ಗೋಡೆ ಹಿಡಿದು ನಿಂತಿದ್ದಳು.

"ಸರ್, ಇನ್ನೊಂದಿದೆ," ಅಂದಳು ಇಂಪನಾ.

ಟ್ರೇಯಲ್ಲಿ ಒಂಬತ್ತನೆಯದು. ಇಟ್ಟು ನೋಡಿದರೆ ಕಣ್ಣು ಕುಕ್ಕುವಷ್ಟು ಹಸಿರು. ಹೆಸರು ಬರೆಯಲೆಂದೇ ಇರುವ ಸ್ಲೈಡಿನ ಮಬ್ಬುತುದಿಯಲ್ಲಿ ಪೆನ್ಸಿಲ್ಲಿನಿಂದ, ಆ ಲ್ಯಾಬಿನಲ್ಲಿ ಯಾರೂ ಬರೆಯದ ಕನ್ನಡದಲ್ಲಿ, ಎರಡೇ ಪದ: ಸಕ್ರಿ ಇಲ್ಲ.

ಇಂಪನಾ ಓದಿದಳು. ನಿಧಾನಕ್ಕೆ ತಿರುಗಿ ಚಿತ್ರಕ್ಕನನ್ನು ನೋಡಿದಳು.

"ಇದ್ಯಾರದಮ್ಮ?" ಅಂದರು ಸರ್.

"ನಂದು, ಸರ್," ಅಂದಳು ಚಿತ್ರಕ್ಕ.

ಪೇಪರು ಬಂತು. ಮೊದಲ ಹೆಸರು ಇಂಪನಾಳದ್ದೇ. ಆ ಬೆಳಗಿನ ನಂತರ ಅವಳು ಚಿತ್ರಕ್ಕನ ಕೈಗೆ ತನ್ನ ಒಂದು ಟ್ಯೂಬನ್ನೂ ಕೊಟ್ಟಿಲ್ಲ.

ಹೋದ ದೀಪಾವಳಿಯ ರಜೆಯಲ್ಲಿ ಚಿತ್ರಕ್ಕ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದಳು. ಆ ಸ್ಲೈಡನ್ನು ಊಟ ಕಟ್ಟುವ ಬೆಳ್ಳಿಹಾಳೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾಳೆ. ಆ ಹಸಿರು ಬಣ್ಣ ಬೆಳಕಿಗೆ ಹಿಡಿದರೆ ಕೆಲವೇ ನಿಮಿಷಕ್ಕೆ ಮಾಸಲು ಶುರುವಾಗುತ್ತದೆ, ಹಾಗೇ ಇಟ್ಟರೂ ವರ್ಷಗಟ್ಟಲೆ ನಿಲ್ಲುವುದಿಲ್ಲ, ಇಂಪನಾಳ ಏಳು ಸ್ಲೈಡುಗಳೂ ಯಾವಾಗಲೋ ಕಪ್ಪಾದವು ಅಂದಳು.

ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಅರ್ಧ ಗಂಟೆ ತೆಗೆಯಲಿಲ್ಲ.

ಅಷ್ಟೂ ಹೊತ್ತು ಹಸಿರು ಹಾಗೇ ಇತ್ತು. ಇಂಥದ್ದನ್ನು ಕಟ್ಟಿ ಹೇಳುವಷ್ಟು ಮಾತು ನನಗೆ ಬರುವುದಿಲ್ಲ, ನಮ್ಮ ಮನೆಯವರನ್ನು ಕೇಳಿ. ಆ ಸ್ಲೈಡನ್ನು ನಾನೇ ಬೆಳ್ಳಿಹಾಳೆಯಲ್ಲಿ ಮತ್ತೆ ಸುತ್ತಿಟ್ಟೆ. ಪೆನ್ಸಿಲ್ ಅಕ್ಷರ ಒದ್ದೆಯಾಗಿತ್ತು.