ದೂರು ವಿಭಾಗದ ಸಾಹೇಬರಿಗೊಂದು ಸ್ವೆಟರ್

...ಇಲ್ಲ ಅಕ್ಕ, ಅವರು ಇಲ್ಲಿ ಕೂರಲ್ಲ. ರಜೆ... ಅಂದ್ರೆ ವರ್ಗ ಆಗಿದೆ. ರಜೆಯಲ್ಲಿದ್ದಾಗ್ಲೇ ವರ್ಗ ಆಯ್ತು. ಯಾಕೆ ಹಾಗೆ ನೋಡ್ತೀಯ? ಕೂತ್ಕೊ. ಆ ಸ್ವೆಟರ್ ಮೇಜಿನ ಮೇಲಿಡು. ಒಂದು ಛತ್ರಿ ವಾಪಸ್ ಕೊಡ್ಲಿಲ್ಲ ಅಂತ ಈ ತಮ್ಮನ ಹತ್ರ ಮಾತು ಬಿಟ್ಟೋಳು, ಇವತ್ತು ನನ್ನ ಆಫೀಸಿಗೇ ಬಂದಿದ್ದೀಯ. ಅದೂ ದೂರು ವಿಭಾಗದ ಸಾಹೇಬರನ್ನ ಹುಡ್ಕೊಂಡು!

ಸರಿ, ನಿಜ ಹೇಳ್ತೀನಿ. ಸಾಹೇಬ್ರು ಅಂತ ಯಾರೂ ಇಲ್ಲ. ನಗಬೇಡ... ನಮ್ಮ ವಾಷಿಂಗ್ ಮೆಷಿನ್ ಕಂಪನಿ ವೆಬ್‌ಸೈಟಿಗೆ ಬಾಗಿಲು ಒಂದೇ. ಒಳಗೆ ಸಣ್ಣ ಸಣ್ಣ ಪ್ರೋಗ್ರಾಂ ಸಾಲಾಗಿ ಕೂತಿರ್ತವೆ, ಒಂದೊಂದೂ ಒಂದೊಂದು ಡಬ್ಬಿಯೊಳಗೆ. ಕಂಟೇನರ್ ಅಂತೀವಿ. ಕೊಳ್ಳೋರು ಈ ಡಬ್ಬಿಗೆ, ರಿಪೇರಿ ಬೇಕಾದೋರು ಆ ಡಬ್ಬಿಗೆ ಅಂತ ಬಾಗಿಲಲ್ಲೇ ದಾರಿ ತೋರಿಸೋ ನಿಯಮ ಬರೆಯೋನು ನಾನು. ಹೂಂ, ಕಾವಲುಗಾರನ ಕೆಲಸಾನೇ ಅನ್ಕೋ. ಅಮ್ಮನ ಹತ್ರ ಮಾತ್ರ ಹೇಳ್ಬೇಡ.

ದೂರಿನ ಡಬ್ಬಿ ಪದೇ ಪದೇ ಕುಸಿದು ಬೀಳ್ತಿತ್ತು. ಬರೋ ದೂರು ಹಾಗಿದ್ವು, ಪಾಪ. ಅದಕ್ಕೆ, ದಾರಿ ಸರಿ ಇದ್ಯಾ ಅಂತ ಪರೀಕ್ಷೆ ಮಾಡೋಕೆ ಇಟ್ಕೊಂಡಿದ್ದ ಖಾಲಿ ಡಬ್ಬಿಯೊಂದಕ್ಕೆ ಎಲ್ಲಾ ದೂರನ್ನೂ ತಿರುಗಿಸ್ದೆ. ಯಾರು ಏನೇ ಬೈದ್ರೂ ಅದು 'ಎಲ್ಲ ಸರಿಯಾಗಿದೆ' ಅಂತಿತ್ತು. ಒಂದಿನದ ಮಟ್ಟಿಗೆ ಅಂತ ಮಾಡಿದ್ದು, ಮರ್ತೇಹೋಯ್ತು. ದೂರೇ ನಿಂತೋಯ್ತಲ್ಲ ಅಂತ ಮ್ಯಾನೇಜರ್ ಕುಣಿದಾಡಿ ನನಗೆ ಈ ತಿರುಗೋ ಕುರ್ಚಿ ಕೊಡಿಸಿದ್ರು. ಕಾಲುಚೀಲ ಒಳಗೇ ಮಾಯ ಆಯ್ತು ಅಂದ್ರೆ, ಎಲ್ಲ ಸರಿಯಾಗಿದೆ. ಮೆಷಿನ್ನೇ ನಡ್ಕೊಂಡು ಬಚ್ಚಲಿಂದ ಹಾಲಿಗೆ ಬಂತು ಅಂದ್ರೂ, ಎಲ್ಲ ಸರಿಯಾಗಿದೆ. ಜನ ಥ್ಯಾಂಕ್ಸ್ ಬೇರೆ ಹೇಳೋಕೆ ಶುರು ಮಾಡಿದ್ರು.

ನಿನ್ನ ದೂರೂ ಅಲ್ಲಿಗೇ ಬಂದಿದ್ದು. ಡಬ್ಬಿಗೆ ಸ್ವೆಟರ್ ಯಾಕೆ ಅಕ್ಕ, ಅದಕ್ಕೇನು ತೋಳಿದ್ಯಾ?

ಏನು? 'ಎಲ್ಲ ಸರಿಯಾಗಿದೆ' ಅಂತ ಉತ್ತರ ಬಂದಿದ್ದು ಮೊದಲ್ನೇ ಸಲ ಮಾತ್ರನಾ... ಆಮೇಲೆ ಊಟ ಆಯ್ತಾ, ಮಂಡಿನೋವು ಹೇಗಿದೆ ಅಂತೆಲ್ಲ ಕೇಳ್ತಿತ್ತಾ... ಹೌದಾ. ಈಗಿನ ಡಬ್ಬಿಗಳು ಬಲು ಜಾಣ. ಒಬ್ಬಳೇ ಉಣ್ಣೋಕೆ ಬೇಜಾರು, ಏನಾದ್ರೂ ಸದ್ದಿರ್ಲಿ ಅಂತ ಖಾಲಿ ಮೆಷಿನ್ ಓಡಿಸ್ಕೊಂಡು ತಟ್ಟೆ ಮುಂದೆ ಕೂರ್ತೀನಿ ಅಂತ ನೀನು ಬರೆದ್ರೆ, ಎಂಥ ಡಬ್ಬಿಗಾದ್ರೂ ಕರುಳು ಚುರುಕ್ ಅನ್ನುತ್ತೆ...

ಅಲ್ಲ, ನಾನು ಓದಿಲ್ಲ. ಅಂದಾಜಿಗೆ ಹೇಳಿದ್ದು. ನಿನ್ನ ಹೆಸರಿಗೆ ಅಂತ್ಲೇ ಬೇರೆ ನಿಯಮ ಬರೆದು, ನೇರ ನನ್ನ ಕಂಪ್ಯೂಟರಿಗೆ ದಾರಿ ಮಾಡ್ಕೊಂಡು, ನಾನೇ ಉತ್ತರ ಬರೀತಾ ಕೂರೋಕೆ ನನಗೇನು ಹುಚ್ಚಾ?

ಸ್ವೆಟರ್ ಯಾಕೆ ಎತ್ಕೊಂಡೆ? ಬೈಯೋದಾದ್ರೆ ಬೈದ್ಬಿಡು... ಏಳ್ಬೇಕಾ? ಎದ್ದೆ. ಬೆನ್ನಿಗೆ ಹಿಡಿದು ಏನು ನೋಡ್ತೀಯ? ಸಾಹೇಬರ ಸ್ವೆಟರ್ ನನಗೆ ಹೇಗೆ... ಹೆಗಲೇನೋ ಸರಿ ಕೂತಿದೆ. ಎಡತೋಳು ಯಾಕೆ ಎರಡು ಬೆರಳು ಗಿಡ್ಡ ಹೆಣೆದಿದ್ದೀಯ? ಚಿಕ್ಕೋನಿದ್ದಾಗ ಮರದಿಂದ ಬಿದ್ದು ಎಡಗೈ ಗಿಡ್ಡ ಆಗಿದ್ದು ನನ್ನದಲ್ವಾ...

ಅಕ್ಕ... ಹೆಣೆಯೋಕೆ ಕೂತಾಗ್ಲೇ ಗೊತ್ತಿತ್ತಾ ನಿಂಗೆ?