ಬ್ರಿಟಾ ಮಂಜುಗಡ್ಡೆ ದಾಟಿದಳೇ?

ಹಿಂದಿನ ಬೆಂಚಿನವರೇ, ಮೊದಲು ಮುಂದೆ ಬಂದು ಕೂರಿ. ತಂಗಮ್ಮ ಬದುಕಿದ್ದಾಗ "ಬನ್ನಿ, ಒಂದು ಗಂಟೆ ಓದ್ತೀನಿ, ಕೇಳಿ" ಎಂದು ಕರೆದರೆ "ಕಾಫಿ ಪಿಕಿಂಗ್ ಇದೆ ಸಿಸ್ಟರಮ್ಮ" ಅಂತ ಜಾರಿಕೊಂಡವರು ನೀವೇ. ಇವತ್ತು ಪಿಕಿಂಗ್ ಇಲ್ಲವೇ? ಇರಲಿ — ಬಂದಿರಲ್ಲ.

ಮಾದಾಪುರದ ಓದು ಕೂಟದ ಎಲ್ಲರಿಗೂ, ತಂಗಮ್ಮನ ತಮ್ಮ ಮೊಣ್ಣಪ್ಪನವರಿಗೂ, ಅವರ ಮಗಳು ಕವನಾಗೂ ಈ ಸಿದ್ದಮ್ಮನ ನಮಸ್ಕಾರ. ನಮ್ಮನ್ನು ಅಗಲಿದ ತಂಗಮ್ಮನವರು — ಅಯ್ಯೋ, 'ಅವರು' ಅಂದರೆ ಬೇರೆ ಯಾರ ಬಗ್ಗೆಯೋ ಹೇಳಿದ ಹಾಗಾಗುತ್ತದೆ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳು ಎಂದೇ ಹೇಳುತ್ತೇನೆ.

ಅವಳನ್ನು ಹೊಗಳು ಅಂತ ಕೂಟ ನಡೆಸುವ ನವೀನ ಐದು ನಿಮಿಷ ಕೊಟ್ಟಿದ್ದಾನೆ. ನಾನು ಬಂದಿರುವುದು ತಪ್ಪು ಒಪ್ಪಿಕೊಳ್ಳುವುದಕ್ಕೆ.

ತಂಗಮ್ಮ ಮೂವತ್ತು ವರ್ಷ ಸ್ವೀಡನ್ನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಊರಿಗೆ ಬರುವಾಗ ಮೂರು ಪೆಟ್ಟಿಗೆ ಪುಸ್ತಕ ತಂದಳು. ಎಲ್ಲ ಸ್ವೀಡಿಷ್ ಭಾಷೆಯಲ್ಲಿ ಈಗಿನವರು ಬರೆದದ್ದು. ಬೆಳಿಗ್ಗೆ ಕನ್ನಡಕ್ಕೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯುವಳು, ಬಿಸಿಲೇರಿದ ಮೇಲೆ ಕಾಫಿ ಒಣಗಿಸುವ ಕಣದ ಕಟ್ಟೆಯಲ್ಲಿ ಕುಳಿತು ಓದುವಳು. ನಾನು ಕಾಫಿ ಕೆದಕುತ್ತಾ ಕೇಳಬೇಕು. ನಾನು ಆಕಳಿಸಿದರೆ ಆ ಸಾಲಿಗೆ ಪೆನ್ಸಿಲ್ ಗೆರೆ. ನಾಲ್ಕನೇ ಕ್ಲಾಸ್ ಓದಿದವಳ ಆಕಳಿಕೆಗೆ ಅಷ್ಟು ಬೆಲೆ!

ಒಂದು ಕವಿತೆ ಓದಿದಳು — ಪುಟಕ್ಕೆ ನಾಲ್ಕೇ ಸಾಲು. "ಉಳಿದ ಹಾಳೆ ದಂಡ ಅಲ್ವೇನೇ?" ಅಂದೆ. "ಅಲ್ಲಿ ಸುಮ್ನಿರ್ಬೇಕು ಸಿದ್ದಕ್ಕ, ಅದೂ ಬರೆದಿರೋದೇ" ಅಂದಳು. ಇನ್ನೊಂದು, ಕಥೆಯಲ್ಲ, ನಿಜ — ಕಡಿಯಲು ಗುರುತು ಹಾಕಿದ ಒಂದು ಕಾಡಿನಲ್ಲಿ ಒಬ್ಬಾಕೆ ವರ್ಷವಿಡೀ ನಡೆದು, ಮರ ಮರವನ್ನೂ ಬರೆದಿಟ್ಟದ್ದು. ಅದನ್ನು ಕೇಳಲು ಕೂಲಿಯವರ ಲೈನಿನ ಚನ್ನಬಸಮ್ಮ ಬುಟ್ಟಿ ಇಳಿಸಿ ನಿಂತಿದ್ದಳು. ಕೇಳಿ ನೋಡಿ, ಇಲ್ಲೇ ಇದ್ದಾಳೆ.

ಆಮೇಲೆ ಬ್ರಿಟಾ ಬಂದಳು. ಫಿನ್ಲೆಂಡಿನ ಕರಾವಳಿಯ ದ್ವೀಪಗಳಲ್ಲೂ ಸ್ವೀಡಿಷ್ ಆಡುತ್ತಾರಂತೆ. ದೇಶ ಒಂದು, ಮನೆಮಾತು ಇನ್ನೊಂದು — ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಲ್ಲಿನ ಕಾದಂಬರಿ. ಬ್ರಿಟಾ ಅಂಚೆಯವಳು. ಚಳಿಗಾಲದಲ್ಲಿ ಕಡಲು ಗಟ್ಟಿಯಾದಾಗ ಮಂಜುಗಡ್ಡೆಯ ಮೇಲೆ ನಾಯಿಯ ಜೊತೆ ನಡೆದು ಟಪಾಲು ಕೊಡುವಳು. ನನ್ನ ವಯಸ್ಸಿನವಳೇ, ನನ್ನಷ್ಟೇ ಬಾಯಿ. ಕೊನೆಗೆ, ಮಂಜುಗಡ್ಡೆ ಕರಗುವ ಹೊತ್ತಿನಲ್ಲಿ, ದೂರದ ದ್ವೀಪದ ಮುದುಕನಿಗೆ ಔಷಧಿ ಕೊಡಲು ಹೊರಟಳು. ಕಾಲಡಿ ಬಿರುಕಿನ ಸದ್ದು. ಅಲ್ಲಿಗೆ ಆ ದಿನದ ಓದು ನಿಂತಿತು.

ಮರುದಿನ ತಂಗಮ್ಮನ ಮುಖ ಬಾಡಿತ್ತು. "ಹೋಗ್ಬಿಡ್ತಾಳಾ?" ಅಂದೆ. ನೋಟ್‌ಬುಕ್ ಮುಚ್ಚಿಟ್ಟಳು. ಕಾಫಿ ಕೆದಕುವ ಹಲಗೆ ಬಿಸಾಡಿದೆ.

"ಮೂರು ತಿಂಗ್ಳು ಈ ಕಣದಲ್ಲಿ ನನ್ ಜೊತೆ ನಡೆದೋಳು ಕಣೇ! ಅವಳನ್ನ ಸಾಯಿಸೋದಾದ್ರೆ ನಾಳೆಯಿಂದ ನಾ ಬರಲ್ಲ."

"ನಾನಾ ಬರ್ದಿರೋದು, ಸಿದ್ದಕ್ಕ?"

"ನಿನ್ ಬಾಯಿಂದ ತಾನೆ ನಂಗೆ ಬರೋದು!"

ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಬೇಲಿಯಾಚೆಯಿಂದ ಕೂಗಿದಳು — "ಬಾರಕ್ಕ, ಬದುಕಿದಾಳೆ." ಹೋದೆ. ಓದಿದಳು. ಬ್ರಿಟಾ ದಾಟಿದಳು, ನಾಯಿ ಮೈಕೊಡವಿತು, ಮುದುಕ ಒಲೆಯ ಮೇಲೆ ಕಾಫಿ ಇಟ್ಟ. ನಾನು ಚಪ್ಪಾಳೆ ತಟ್ಟಿದೆ. ಆದರೆ — ಬೇರೆ ದಿನ ಅವಳ ಕಣ್ಣು ನೋಟ್‌ಬುಕ್ಕಿನ ಮೇಲಿರುತ್ತಿತ್ತು. ಅವತ್ತು ನನ್ನ ಮುಖ ನೋಡುತ್ತಾ ಓದಿದಳು. ನನಗೆ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದೆ.

ಈಗ ನಮ್ಮ ಕೂಟ ಅವಳ ನೆನಪಿಗೆ ಆ ಕಾದಂಬರಿಯನ್ನು ಅಚ್ಚು ಹಾಕಿಸುತ್ತಿದೆ. ಬರೆದಾಕೆ ಅಷ್ಟು ದೂರದಿಂದ ಒಪ್ಪಿಗೆ ಕೊಟ್ಟಿದ್ದಾರೆ. ಮುಂದಿನ ತಿಂಗಳ ಒಂದನೇ ತಾರೀಕು ಪ್ರೆಸ್ಸಿಗೆ. ನವೀನ ಕೊಟ್ಟ ನೋಟ್‌ಬುಕ್ಕನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕೊನೆಯಲ್ಲಿರುವುದು ನನಗೆ ಓದಿದ್ದೇ. ಅದಕ್ಕೂ ಮೊದಲು, ಇಗೋ — ಹರಿದು ತೆಗೆದ ಎರಡು ಹಾಳೆಯ ಚೂರು ಹೊಲಿಗೆಯಲ್ಲಿ ಉಳಿದಿದೆ. ಇದನ್ನು ನೋಡಿದಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಚಂದ್ರು, ನೀನು ಏನು ಗೊಣಗಿದೆ ಅಂತ ಕೇಳಿಸಿತು. "ಯಾರಿಗ್ ಗೊತ್ತಾಗತ್ತೆ ಅಜ್ಜಿ, ಬದುಕ್ಲಿ ಬಿಡಿ." ನನಗೆ ಗೊತ್ತಲ್ಲವೇನೋ? ಮೂವತ್ತು ವರ್ಷ ರೋಗಿಗೆ ಒಂದು ಮಾತ್ರೆ ಹೆಚ್ಚುಕಡಿಮೆ ಮಾಡದವಳು ನನ್ನ ಹಟಕ್ಕೆ ಎರಡು ಹಾಳೆ ಹರಿದಳು. ನಾಳೆ ಎರಡೂ ಭಾಷೆ ಬಲ್ಲವರು ಓದಿ, ತಂಗಮ್ಮ ಮೋಸ ಮಾಡಿದಳು ಎಂದರೆ? ಎದ್ದು ಬಂದು ಉತ್ತರ ಹೇಳಲು ಅವಳಿಲ್ಲ. ಬರೆಸಿದವಳು ನಾನು.

ಮೂಲ ಪುಸ್ತಕ ಇಲ್ಲಿದೆ. ಕವನಾ, ಬಾ, ತಗೋ. ಸ್ವೀಡನ್ನಿನಲ್ಲಿ ನಿನ್ನ ಅತ್ತೆಯ ಜೊತೆ ಕೆಲಸ ಮಾಡಿದ ನರ್ಸ್ ಇದ್ದಾರಲ್ಲ, ಕೊನೆಯ ಪುಟಗಳ ಫೋಟೊ ಅವರಿಗೆ ಕಳಿಸು. ಫೋನೇ ಅರ್ಥ ಹೇಳುತ್ತದೆ ಅನ್ನಬೇಡ. ಸಾವಿನ ಸುದ್ದಿಯಾದರೆ ನಾನು ಮನುಷ್ಯರ ಬಾಯಿಂದಲೇ ಕೇಳಬೇಕು. ನವೀನ, ಅಲ್ಲಿಯವರೆಗೆ ಪ್ರೆಸ್ ನಿಲ್ಲಿಸು. ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ತಂದು ಮುಟ್ಟಿಸಬೇಕು, ಇಬ್ಬರೂ. ಏನೇ ಬಂದರೂ ಅದೇ ಅಚ್ಚಾಗಬೇಕು. ಈ ಸಲ ಹಲಗೆ ಬಿಸಾಡುವುದಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲಿ. ಸುಬ್ಬ, ಕುರ್ಚಿ ಎಳೆದು ಸದ್ದು ಮಾಡಬೇಡ. ಎರಡು ನಿಮಿಷ ಮೌನ. ಮೊದಲನೆಯದು ತಂಗಮ್ಮನಿಗೆ. ಎರಡನೆಯದು ಬ್ರಿಟಾಗೆ — ಅವಳು ದಾಟಿರದಿದ್ದರೆ.