ಹನ್ನೊಂದು ಸಲ ಮುಳುಗಿದ ಕಂಪನಿ

ಇಲ್ಲ ಅಕ್ಕಾ, ಜ್ವರ ಬಂದಿದ್ದು ನಿಜ. ಮಂಗಳವಾರ ಇತ್ತು. ಬುಧವಾರಾನೂ ಇತ್ತು ಅನ್ಸುತ್ತೆ... ಹಣೆ ಮುಟ್ಟಿ ನೋಡೋದೇನೂ ಬೇಡ, ಈಗ ಬಿಟ್ಟಿದೆ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ರಿಪೇರಿ ಮಾಡಿಸ್ತೀನಿ ಅಂತ ಹೆಂಡತಿಗೆ ಮಾತು ಕೊಟ್ಟು ಒಂದು ವರ್ಷ ಆಯ್ತು. ಮಂಚದ ಮೇಲೆ ಕೂತ್ಕೊಳ್ಳಿ.

ಗೊತ್ತು, ಗೊತ್ತು. ನಮ್ಮ ಕನ್ನಡಕದ ವರ್ಕ್‌ಶಾಪಿನ ಸೂಪರ್‌ವೈಸರು, ನಲವತ್ತಾರು ವರ್ಷದ ಗಂಡಸು, ಜ್ವರ ಅಂತ ನಾಲ್ಕು ದಿನ ರಜೆ ಹಾಕಿ ಮನೇಲಿ ಕೂತು ಕಂಪ್ಯೂಟರ್ ಆಟ ಆಡ್ತಿದಾನೆ. ನೀವು ಹೇಳೋದೇ ಬೇಡ. ನನ್ನ ಹೆಂಡತಿ ಬೆಳಗ್ಗೆಯಿಂದ ಅದನ್ನೇ ಬೇರೆ ಬೇರೆ ರಾಗದಲ್ಲಿ ಹೇಳಿ ಈಗ ತಾನೇ ತಂಗಿ ಮನೆಗೆ ಹೋದಳು.

ಆದ್ರೆ ಇದು ನೀವಂದ್ಕೊಂಡ ಹಾಗೆ ಗುಂಡು ಹಾರಿಸೋ ಆಟ ಅಲ್ಲ. ಇದರಲ್ಲಿ ನಮಗೆ ಒಂದು ಕಂಪನಿ ಕೊಡ್ತಾರೆ. ಆ ಕಂಪನಿ ಕಂಪ್ಯೂಟರ್ ಆಟಗಳನ್ನ ತಯಾರು ಮಾಡುತ್ತೆ. ನಾವು ಅದನ್ನ ನಡೆಸ್ಬೇಕು. ಹೌದು... ಆಟ ಮಾಡೋ ಕಂಪನಿ ನಡೆಸೋ ಆಟ. ಯಾಕೆ ನಗ್ತೀರಾ? ಇದರಲ್ಲಿ ನಾವು ಆ ಆಟಗಳನ್ನ ಆಡೋದೂ ಇಲ್ಲ, ಮಾಡೋದೂ ಇಲ್ಲ. ಮಾಡೋರ ಬೆನ್ನ ಹಿಂದೆ ನಿಂತು ‘ಇನ್ನೂ ಆಗ್ಲಿಲ್ವಾ’ ಅಂತ ಕೇಳ್ತಾ ಇರೋದು. ನಾನು ಹನ್ನೆರಡು ವರ್ಷದಿಂದ ಮಾಡ್ತಿರೋ ಕೆಲಸಾನೇ. ಇಲ್ಲಿ ಸಂಬಳ ಇಲ್ಲ, ಅಷ್ಟೇ.

ನೋಡಿ, ಮೊದಲು ಎಂಥ ಆಟ ಮಾಡಿಸ್ಬೇಕು ಅಂತ ಆರಿಸ್ಕೋಬೇಕು. ನಾನು ಆಸ್ಪತ್ರೆಯೊಳಗೆ ನಡೆಯೋ ಒಂದು ರೇಸ್ ಆಟ ಮಾಡಿಸಿದೆ. ಯಾರೂ ಮಾಡಿರಲಿಲ್ಲವಲ್ಲ ಅಂತ. ಯಾಕೆ ಮಾಡಿರಲಿಲ್ಲ ಅಂತ ಆಮೇಲೆ ತಿಳೀತು. ಆಟ ತಯಾರಾದ ಮೇಲೆ ಇಲ್ಲಿ ನಾಲ್ಕು ಜನ ವಿಮರ್ಶಕರು ಸಾಲಾಗಿ ಬರ್ತಾರೆ. ಮುಖದ ಒಂದು ಗೆರೆ ಅಲ್ಲಾಡಲ್ಲ, ಹತ್ತಕ್ಕೆ ಇಷ್ಟು ಅಂತ ಮಾರ್ಕು ಕೊಟ್ಟು ಹೋಗ್ತಾರೆ. ಎರಡು. ಮೂರು. ಎರಡು. ನಾಲ್ಕನೆಯವನು ಒಂದು ಕೊಟ್ಟು ಕೆಳಗೆ ಬರೆದಿದ್ದ: ‘ಯಾಕೆ?’ ಅಷ್ಟೇ. ಅಂಥೋನಿಗೆ ಏನಂತ ಉತ್ತರ ಕೊಡೋದು? ಉತ್ತರ ಕೊಡೋಕೆ ಜಾಗಾನೂ ಇಟ್ಟಿಲ್ಲ.

ಕಂಪನಿ ಮುಳುಗ್ತು. ಮೊದಲಿಂದ ಶುರು ಮಾಡಿದೆ. ಮತ್ತೆ ಮುಳುಗ್ತು. ಹನ್ನೊಂದು ಸಲ ಅಕ್ಕಾ, ಹನ್ನೊಂದು ಸಲ. ನಿನ್ನೆ ತಲೆ ಕೆಟ್ಟು ಮೌಸ್ ಎತ್ತಿ ಗೋಡೆಗೆ ಹೊಡೆದೆ. ಈಗ ಅದು ಒಂದು ಸಲ ಒತ್ತಿದ್ರೆ ಎರಡು ಸಲ ಒತ್ತಿದ ಹಾಗೆ ಲೆಕ್ಕ ಹಿಡಿಯುತ್ತೆ. ಬೆಳಗ್ಗೆ ಆಟದ ಆಫೀಸಿಗೆ ಒಂದು ಕುರ್ಚಿ ತರಿಸೋಕೆ ಹೋಗಿ ಎರಡು ತರಿಸಿದೆ. ಕೂರೋಕೆ ಜನ ಇಲ್ಲ.

ಇಲ್ಲಿ ಮೇಜಿನ ಮುಂದೆ ಕೂತಿದಾರಲ್ಲ, ಇವರು ನೌಕರರು. ಇವರಿಗೆ ನಾವೇ ಹೆಸರಿಡಬಹುದು. ಈ ದಪ್ಪಗಿರೋನು ನಮ್ಮ ಗುಂಡಣ್ಣ, ಲೆನ್ಸ್ ಉಜ್ಜೋನು. ಇಲ್ಲೂ ಕೆಲಸ ಮಧ್ಯಕ್ಕೆ ಬಂದಾಗ ಎದ್ದು ಟೀ ಕುಡಿಯೋಕೆ ಹೋಗ್ತಾನೆ. ನಾನು ಹೇಳ್ಕೊಟ್ಟಿದ್ದಲ್ಲ. ಕೆಂಪು ಅಂಗಿ, ಫ್ರೇಮ್ ಕೂರಿಸೋ ಹುಡುಗಿ. ಆ ಕಡೆ ಕೈ ಆಡಿಸ್ಕೊಂಡು ನಿಂತಿರೋನು ಕೌಂಟರಿನ ಬಾಯಿಬಡುಕ. ಅವನ ಸಾಮರ್ಥ್ಯ ಎಷ್ಟು ತೋರಿಸ್ತಿದೆ ನೋಡಿ, ಆರು. ನಾನಾಗಿದ್ರೆ ಮೂರು ಕೊಡ್ತಿದ್ದೆ.

ನೀವಾ? ನೀವೂ... ಇದ್ರಿ. ಇದ್ರಿ ಅಂದ್ರೆ, ಇದೀರ. ರಜೆ ಮೇಲೆ ಕಳ್ಸಿದೀನಿ. ಈ ಆಟದಲ್ಲಿ ಜನಕ್ಕೆ ಸುಸ್ತಾಗುತ್ತೆ, ತಲೆ ಮೇಲೆ ಒಂದು ಹಸಿರು ಗೆರೆ ಇರುತ್ತೆ, ಅದು ಸಣ್ಣ ಆಗ್ತಾ ಬಂದ್ರೆ ರಜೆ ಕೊಡ್ಬೇಕು. ಪಾಪ, ಅಕ್ಕ ದಣಿದಿದಾರೆ ಅಂತ... ಅಲ್ಲಿ ಒತ್ತಬೇಡಿ. ಅಕ್ಕಾ, ಅದು ಬೇರೆ ಪಟ್ಟಿ. ಅದು... ಹೂಂ. ಕೆಲಸದಿಂದ ತೆಗೆದವರು.

ಹೌದು, ‘ಅಕ್ಕ’ ಅಂತಾನೇ ಇದೆ. ಆಟ ಅಲ್ವಾ, ಮನಸ್ಸಿಗೆ ಹಚ್ಕೋಬೇಡಿ. ಖರ್ಚು ಜಾಸ್ತಿ ಆದ್ರೆ ಯಾರಾದ್ರೂ ಒಬ್ಬರನ್ನ ತೆಗೀಲೇಬೇಕು.

ಏನಾಗುತ್ತೆ ಅಂದ್ರೆ, ಆಟ ತಯಾರಾಗ್ತಾ ಇರೋವಾಗ ಅದರೊಳಗಿನ ತಪ್ಪುಗಳು ಹೀಗೆ ಕೆಂಪು ಗುಳ್ಳೆಗಳಾಗಿ ಮೇಲೇಳುತ್ತೆ. ಅವನ್ನ ಹೆಕ್ಕಿ ತೆಗೆಯೋಕೆ ಒಬ್ಬರು ಬೇಕು. ಆ ಜಾಗದಲ್ಲಿ ನಿಮ್ಮನ್ನ ಕೂರಿಸಿದ್ದೆ. ನಮ್ಮಲ್ಲಿ ಲೆನ್ಸ್ ಚೆಕ್ ಮಾಡೋ ಹಾಗೇ ಅಲ್ಲೂ ನೀವು ಹೊಸದಾಗಿ ಏನೂ ಮಾಡಲ್ಲ. ಬೇರೆಯವರು ಮಾಡಿದ್ದನ್ನ ನೋಡಿ ‘ಸರಿ ಇಲ್ಲ, ವಾಪಸ್’ ಅಂತೀರ. ಕಾಗದದ ಮೇಲೆ ನೋಡಿದ್ರೆ ದಂಡದ ಕೆಲಸ. ನಿಮ್ಮನ್ನ ತೆಗೆದ ತಕ್ಷಣ ಎಲ್ಲ ಬೇಗ ಬೇಗ ಆಗುತ್ತೆ. ಎರಡು ತಿಂಗಳು ಕಂಪನಿ ಕುಣಿಯುತ್ತೆ. ಆಮೇಲೆ ಆ ನಾಲ್ಕು ಜನ ಬರ್ತಾರೆ. ಎರಡು. ಮೂರು. ಎರಡು.

ಸರಿ, ಗುಂಡಣ್ಣನಿಗೆ ತರಬೇತಿ ಕೊಡಿಸಿ ನಿಮ್ಮ ಕೆಲಸಾನೂ ಅವನಿಗೇ ಹಚ್ಚಿದೆ. ಮುಳುಗ್ತು. ಜಾಹೀರಾತು ಜಾಸ್ತಿ ಮಾಡಿಸಿದೆ. ಮೊದಲು ಸಾವಿರ ಜನ ಬೈತಿದ್ರು, ಜಾಹೀರಾತು ನೋಡಿ ಹತ್ತು ಸಾವಿರ ಜನ ಬಂದು ಬೈದ್ರು. ಕೊನೆಗೆ ತಪ್ಪು ಹುಡುಕೋ ಮಿಷನ್ನೇ ತಂದು ಕೂರಿಸಿದೆ, ಯಜಮಾನರು ಹೇಳಿದ ಹಾಗೆ. ಇನ್ನೂ ಬೇಗ ಮುಳುಗ್ತು.

ಯಜಮಾನರು ಏನು ಹೇಳಿದ್ರು ಅಂದ್ರಾ? ನಾನು ಹಾಗಂದ್ನಾ?

ಸೋಮವಾರ ಒಳಗೆ ಕರೆದಿದ್ರು. ಲೆನ್ಸಿನ ಪವರ್ರು, ಗೀರು, ಎಲ್ಲ ತಾನೇ ನೋಡೋ ಮಿಷನ್ ಬರ್ತಿದೆಯಂತೆ. ನಾಲ್ಕು ಜನ ಮಾಡೋದನ್ನ ಇನ್ಮೇಲೆ ಮೂರು ಜನ ಮಾಡಬಹುದಂತೆ. ಒಂದು ಹೆಸರು ಬರೆದು ಕೊಡಿ ಅಂದ್ರು. ತಮಗೆ ಯಾರ ಮೇಲೂ ದ್ವೇಷ ಇಲ್ಲ, ಅದಕ್ಕೇ ಹೆಸರು ನಾನೇ ಬರೀಬೇಕು ಅಂದ್ರು. ನಾನು ಕೊಟ್ಟಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಅದಕ್ಕೇ ಈ ಆಟ. ಯಾರು ಹೋದ್ರೆ ಏನಾಗುತ್ತೆ ಅಂತ ಮುಂಚೇನೇ ನೋಡ್ಕೊಳ್ಳೋಣ ಅಂತ. ಬಾಯಿಗೆ ಬಂದ ಹೆಸರು ಕೊಡೋದಕ್ಕಿಂತ ಇದು ವಾಸಿ ಅಲ್ವಾ?

ಗುಂಡಣ್ಣನನ್ನ ಎಷ್ಟು ಸಲ ತೆಗೆದೆ ಅಂದ್ರಾ... ಅವನನ್ನ ತೆಗೆದಿಲ್ಲ. ಫ್ರೇಮ್ ಹುಡುಗೀನೂ ಇಲ್ಲ. ಇಲ್ಲ, ಬಾಯಿಬಡುಕನನ್ನೂ ಇಲ್ಲ.

ಹಾಗೆ ನೋಡಬೇಡಿ ಅಕ್ಕಾ.

ನೀವು ಹೀಗೇ ನೋಡ್ತೀರ, ಲೆನ್ಸನ್ನ ಕಿಟಕಿಗೆ ಹಿಡಿದು ನೋಡೋ ಹಾಗೆ. ಗೀರು ಎಲ್ಲಿದೆ ಅಂತ ಗೊತ್ತಾದ್ಮೇಲೂ ಇನ್ನೊಂದು ಸ್ವಲ್ಪ ಹೊತ್ತು ಹಿಡಿದೇ ಇರ್ತೀರ. ನನಗೆ ಕೆಲಸ ಹೇಳ್ಕೊಡೋವಾಗ್ಲೂ ಹಾಗೇ ಮಾಡ್ತಿದ್ರಿ, ನಾನಾಗೇ ಬಾಯಿ ಬಿಡೋವರೆಗೂ.

ಸೋಮವಾರಾನೇ ಕೊಟ್ಟೆ. ಅಲ್ಲೇ, ಅವರ ಮೇಜಿನ ಮೇಲೆ, ಅವರ ಪೆನ್ನಲ್ಲೇ ಬರೆದೆ. ಎರಡು ನಿಮಿಷಾನೂ ಹಿಡೀಲಿಲ್ಲ. ನಿಮ್ಮ ಕೈಗೆ ಕಾಗದ ಮುಂದಿನ ವಾರ ಬರುತ್ತಂತೆ. ನಿಮ್ಮ ಕೆಲಸ ಕಮ್ಮಿ ಅಂತಲ್ಲ ಅಕ್ಕಾ. ಬೇರೆ ಯಾರ ಹೆಸರು ಬರೆದಿದ್ರೂ ಮಾರನೇ ದಿನ ನನ್ನ ಬಾಗಿಲಿಗೆ ಬಂದು ರಂಪ ಮಾಡ್ತಿದ್ರು. ನೀವು ಮಾಡಲ್ಲ ಅಂತ ಗೊತ್ತಿತ್ತು. ನೀವು ಬಂದಿದೀರ, ಕಿತ್ತಳೆ ಹಣ್ಣು ತಗೊಂಡು, ಜ್ವರ ಹೇಗಿದೆ ಅಂತ ಕೇಳೋಕೆ.

ಆಟ ಹಾಕಿಸ್ಕೊಂಡಿದ್ದು ಮಂಗಳವಾರ. ಹೆಸರು ಕೊಟ್ಟ ಮೇಲೆ. ನಿಮ್ಮನ್ನ ತೆಗೆದ ಮೇಲೂ ಒಂದು ಸಲ, ಒಂದೇ ಒಂದು ಸಲ ಈ ಕಂಪನಿ ಉಳ್ಕೊಂಡುಬಿಟ್ಟಿದ್ರೆ... ನಾನು ಬುಧವಾರಾನೇ ಕೆಲಸಕ್ಕೆ ಬಂದುಬಿಡ್ತಿದ್ದೆ.